ಮೊದಲು ಕೈಬಿಡುವ ಟೈರು ಯಾವುದು?

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಆಷಾಢದ ಮಳೆ, ಮಂಜು ರಸ್ತೆಗೇ ಬಂದು ಕೂತಿತ್ತು. ನನ್ನದು 2004ರ ಮಾರುತಿ ಎಸ್ಟೀಮ್, ಎರಡು ಸಲ ಆರ್‌ಸಿ ನವೀಕರಿಸಿಕೊಂಡ ಹಿರಿಯ ಜೀವ. ಬಲಕ್ಕೆ ಸುತ್ತುವ ಒಂದು ಹೇರ್‌ಪಿನ್ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ. ಕಾರು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಇನ್ನಷ್ಟು ತಿರುಗಿಸಿದೆ. ಮೂತಿ ಮಾತ್ರ ತಡೆಗೋಡೆಯ ಕಡೆಗೇ ನೆಟ್ಟಗೆ ಜಾರತೊಡಗಿತು. ಗಾಬರಿಯಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದೆ. ಅಷ್ಟಕ್ಕೇ, ಯಾರೋ ಕಿವಿ ಹಿಂಡಿದಂತೆ ಕಾರು ತಿರುವಿನ ಒಳಕ್ಕೆ ಬಂತು. ಅಣ್ಣಪ್ಪ ಸ್ವಾಮಿಯ ಗುಡಿ ಎದುರು ನಿಲ್ಲಿಸಿ ಕೈ ಮುಗಿದೆ. ಆ ಸಲ ಕೈ ಮುಗಿದದ್ದು ಬರೀ ರೂಢಿಗಲ್ಲ.

ಬೆಂಗಳೂರಿಗೆ ಮರಳಿದವನೇ ಕಾರನ್ನು ‘ಟ್ಯೂನ್’ ಮಾಡಿಸಬೇಕೆಂದು ಹೊರಟೆ. ಗಟ್ಟಿ ಸ್ಪ್ರಿಂಗ್, ಹಿಂದಕ್ಕೊಂದು ದಪ್ಪ ಸ್ಟೆಬಿಲೈಸರ್ ಬಾರ್, ಸ್ವಲ್ಪ ಅಗಲದ ಟೈರು ಎಂದೆಲ್ಲ ಪಟ್ಟಿ ಮಾಡಿಕೊಂಡು ಗ್ಯಾರೇಜಿಗೆ ಹೋದೆ. ಉಸ್ತಾದರು ಪಟ್ಟಿಯನ್ನು ಓದಲೇ ಇಲ್ಲ. ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದರು. ‘ಟಕ್ ಟಕ್’ ಎಂದಿತು.

“ಸಾರ್, ಮನೆ ಸೋರ್ತಾ ಇದೆ. ನೀವು ಯಾವ ಬಣ್ಣ ಬಳಿಸೋಣ ಅಂತ ಕೇಳ್ತಿದ್ದೀರ.”

ಮುಂದಿನ ಚಕ್ರದಿಂದ ಓಡುವ ಹಳೆಯ ಸೆಡಾನ್ ಇಟ್ಟುಕೊಂಡವರಲ್ಲಿ ನನ್ನಂತೆ ಪಟ್ಟಿ ಹಿಡಿದು ಹೊರಡುವವರು ಕಡಿಮೆಯಿಲ್ಲ. ಅವರಿಗೆ ಉಸ್ತಾದರ ಮಾತನ್ನೇ ಸ್ವಲ್ಪ ಬಿಡಿಸಿ ಹೇಳುವ ಪ್ರಯತ್ನ ಇದು.

ಪಲ್ಲಕ್ಕಿ ಹೊತ್ತ ನಾಲ್ವರು

ಕಾರು ರಸ್ತೆಗೆ ಅಂಟಿಕೊಂಡಿರುವುದು ನಾಲ್ಕು ಅಂಗೈ ಅಗಲದ ರಬ್ಬರಿನಿಂದ. ತಿರುವಿನಲ್ಲಿ ಕಾರನ್ನು ಒಳಕ್ಕೆ ಹಿಡಿದಿಡುವ ಬಲವೆಲ್ಲ ಆ ನಾಲ್ಕು ಅಂಗೈಗಳಿಂದಲೇ ಬರಬೇಕು. ಎಷ್ಟು ಬಲ ಬೇಕು? ಸುಮಾರು 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಸುತ್ತಿದರೆ ಕಾರಿನ ತೂಕದ 0.47 ಪಾಲು. ಅದೇ ತಿರುವಿನಲ್ಲಿ ವೇಗ 40 ಆದರೆ 0.84 ಪಾಲು. ವೇಗ ಹೆಚ್ಚಿದ್ದು ಮೂರರಲ್ಲೊಂದು ಪಾಲು, ಬೇಕಾದ ಬಲ ಹೆಚ್ಚಿದ್ದು ಮುಕ್ಕಾಲು ಪಾಲಿಗೂ ಮೇಲೆ. ಒಣ ಡಾಂಬರಿನ ಮೇಲೆ ಸಾಧಾರಣ ಟೈರು ಕೊಡುವುದು 0.8ರ ಆಸುಪಾಸು, ಮಳೆಯಲ್ಲಿ, ಟೈರು ಸವೆದಿದ್ದರೆ, ಇದು ಅರ್ಧಕ್ಕೂ ಇಳಿಯಬಹುದು. ಆ ಹತ್ತು ಕಿಲೋಮೀಟರನ್ನು ಯಾವ ಸ್ಪ್ರಿಂಗೂ ತುಂಬಿಕೊಡದು. ಸಸ್ಪೆನ್ಷನ್ನಿನ ಮಾತು ಎತ್ತುವ ಮೊದಲೇ ಒಪ್ಪಿಕೊಳ್ಳಬೇಕಾದ ಲೆಕ್ಕ ಇದು.

ಇನ್ನು ಭಾರದ ವಿಚಾರ. ತಿರುವಿನಲ್ಲಿ ಒಳಬದಿಯ ಚಕ್ರಗಳ ಮೇಲಿನ ಭಾರ ಹೊರಬದಿಗೆ ಸರಿಯುತ್ತದೆ. ಚಾಲಕ, ಚೀಲ ಸೇರಿ ಒಂದು ಸಾವಿರ ಕೆ.ಜಿ. ತೂಗುವ ಕಾರು, ಅದರ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ, ಎಡ–ಬಲ ಚಕ್ರಗಳ ಅಂತರ 1.35 ಮೀಟರ್ ಎಂದಿಟ್ಟುಕೊಳ್ಳಿ. ತೂಕದ ಅರ್ಧದಷ್ಟು ಬಲದಲ್ಲಿ ತಿರುಗುವಾಗ ಸುಮಾರು 185 ಕೆ.ಜಿ. ಒಳಗಿಂದ ಹೊರಗೆ ಸರಿಯುತ್ತದೆ. ತಮಾಷೆ ಎಂದರೆ ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ. ತೂಕ, ಎತ್ತರ, ಅಗಲ, ತಿರುಗುವ ಬಲ ಇಷ್ಟೇ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಕಾರು ವಾಲುವುದು ಕಡಿಮೆಯಾಗಿ ಕಾಣುತ್ತದೆ, ಸರಿಯುವ ಭಾರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಹಾಗಾದರೆ ಸ್ಪ್ರಿಂಗು, ಎಡ–ಬಲ ಚಕ್ರಗಳನ್ನು ಜೋಡಿಸುವ ಬಾರು ಮಾಡುವುದೇನು? ಪಾಲು ಹಂಚುವುದು. ದೇವರ ಪಲ್ಲಕ್ಕಿ ಹೊತ್ತ ನಾಲ್ವರನ್ನು ನೆನಪಿಸಿಕೊಳ್ಳಿ. ಪಲ್ಲಕ್ಕಿ ಒಂದು ಕಡೆಗೆ ವಾಲಿದಾಗ ಹೆಗಲು ಸೆಟೆಸಿ ನಿಂತವನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಹೆಗಲು ಸಡಿಲ ಬಿಟ್ಟವನು ಹಗುರಾಗಿರುತ್ತಾನೆ. ಪಲ್ಲಕ್ಕಿಯ ತೂಕ ಮಾತ್ರ ಬದಲಾಗಿಲ್ಲ. ಕಾರಿನಲ್ಲೂ ಹೀಗೆಯೇ. ಮುಂಭಾಗ ಹೆಚ್ಚು ಬಿಗಿಯಿದ್ದರೆ ಹೊರಬದಿಗೆ ಸರಿಯುವ ಭಾರದ ದೊಡ್ಡ ಪಾಲು ಮುಂದಿನ ಹೊರಚಕ್ರಕ್ಕೆ ಬೀಳುತ್ತದೆ. ಹಿಂಭಾಗ ಬಿಗಿಯಿದ್ದರೆ ಹಿಂದಿನದಕ್ಕೆ.

ಭಾರ ಹೆಚ್ಚಾದರೆ ಹಿಡಿತವೂ ಹೆಚ್ಚುತ್ತದಲ್ಲ, ಒಳ್ಳೆಯದೇ ಆಯಿತಲ್ಲ ಎಂದು ಕೇಳಬಹುದು. ಟೈರಿನ ಗುಟ್ಟು ಇರುವುದೇ ಇಲ್ಲಿ. ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಅಳತೆಯಲ್ಲಲ್ಲ. ತೋಟದ ಆಳು ಒಂದು ಮೂಟೆ ಹೊತ್ತಾಗ ಚುರುಕಾಗಿ ನಡೆಯುತ್ತಾನೆ. ಎರಡು ಮೂಟೆ ಹೊರಿಸಿದರೆ ಎರಡಾಳಿನ ಕೆಲಸ ಆಗದು. ಲೆಕ್ಕಕ್ಕೆಂದು ಊಹಿಸಿಕೊಳ್ಳಿ: ಮುಂದಿನ ಎರಡು ಚಕ್ರಗಳ ಮೇಲೆ ತಲಾ 300 ಕೆ.ಜಿ. ಇದ್ದಾಗ ಒಂದೊಂದೂ 270 ಕೆ.ಜಿ.ಯಷ್ಟು ಹಿಡಿತ ಕೊಟ್ಟರೆ ಒಟ್ಟು 540. ತಿರುವಿನಲ್ಲಿ ಒಂದರ ಮೇಲೆ 420, ಇನ್ನೊಂದರ ಮೇಲೆ 180 ಆಯಿತು. ಭಾರ ಹೊತ್ತ ಟೈರು 344ಕ್ಕೆ ಸುಸ್ತಾಗುತ್ತದೆ, ಹಗುರಾದದ್ದು 173 ಕೊಡುತ್ತದೆ. ಒಟ್ಟು 517. ಭಾರ ಅಷ್ಟೇ ಇದ್ದರೂ 23 ಕೆ.ಜಿ.ಯಷ್ಟು ಹಿಡಿತ ಮಾಯ. ಯಾವ ಜೋಡಿಯಲ್ಲಿ ಈ ಏರುಪೇರು ಹೆಚ್ಚೋ ಆ ಜೋಡಿ ಮೊದಲು ಕೈಬಿಡುತ್ತದೆ. ಕಾರಿನ ‘ಬ್ಯಾಲೆನ್ಸ್’ ಎಂದು ಬಲ್ಲವರು ಕರೆಯುವುದು ಇದನ್ನೇ: ನಾಲ್ಕರಲ್ಲಿ ಮೊದಲು ಸೋಲುವುದು ಮುಂದಿನ ಜೋಡಿಯೋ ಹಿಂದಿನ ಜೋಡಿಯೋ?

ಒಂದು ಸಂಬಳ, ಮೂರು ಕೆಲಸ

ಮುಂದಿನ ಜೋಡಿ ಮೊದಲು ಸೋತರೆ ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ. ಅದು ಅಂಡರ್‌ಸ್ಟಿಯರ್. ಹಿಂದಿನ ಜೋಡಿ ಸೋತರೆ ಹಿಂಭಾಗ ಹೊರಕ್ಕೆ ಬೀಸಿ ಕಾರು ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಅದು ಓವರ್‌ಸ್ಟಿಯರ್. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಮಾರಿಸ್ ಓಲೀ ಈ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟವರಲ್ಲಿ ಪ್ರಮುಖರು.

ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ ಓಡಿಸಿದ ತಲೆಮಾರಿಗೆ ಹಿಂದಿನ ಚಕ್ರ ತಳ್ಳುವ ಕಾರು ಅಭ್ಯಾಸ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರ ಎಳೆಯುವ ಕಾರು ಮನೆಮಾತಾಯಿತು. 1990ರಲ್ಲಿ ಮಾರುತಿ 1000 ಎಂಬ ಸೆಡಾನ್, 1994ರಲ್ಲಿ ಅದರ ಮುಂದುವರಿಕೆಯಾಗಿ ಎಸ್ಟೀಮ್. ಅಡ್ಡಡ್ಡ ಕೂರಿಸಿದ ಎಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್ ಎಲ್ಲ ಮುಂದೆಯೇ ಇರುವ ಇಂಥ ಕಾರುಗಳಲ್ಲಿ ತೂಕದ ಹೆಚ್ಚುಕಮ್ಮಿ ಶೇ 60 ಪಾಲು ಮುಂದಿನ ಚಕ್ರಗಳ ಮೇಲಿರುತ್ತದೆ. ಆ ಎರಡು ಟೈರುಗಳೇ ಕಾರನ್ನು ಎಳೆಯಬೇಕು, ತಿರುಗಿಸಬೇಕು, ಬ್ರೇಕ್ ಹಾಕಿದಾಗ ದೊಡ್ಡ ಪಾಲು ನಿಲ್ಲಿಸಬೇಕು. ಒಂದೇ ಸಂಬಳಕ್ಕೆ ಮೂರು ಕೆಲಸ. ಎಳೆಯುವುದಕ್ಕೆ ಖರ್ಚಾದ ಹಿಡಿತ ತಿರುಗುವುದಕ್ಕೆ ಸಿಗುವುದಿಲ್ಲ. ಆದ್ದರಿಂದ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಕ್ಕೆ ಹೋಗುತ್ತದೆ, ಬಿಟ್ಟರೆ ಒಳಕ್ಕೆ ಬರುತ್ತದೆ.

ತಯಾರಕರಿಗೆ ಇದು ಗೊತ್ತಿಲ್ಲದ ದೋಷವಲ್ಲ, ಬೇಕೆಂದೇ ಉಳಿಸಿಕೊಂಡ ಗುಣ. ಭಯವಾದಾಗ ಮನುಷ್ಯ ಮಾಡುವ ಮೊದಲ ಕೆಲಸ ಕಾಲು ಎತ್ತುವುದು. ಅಂಡರ್‌ಸ್ಟಿಯರ್ ಇರುವ ಕಾರಿನಲ್ಲಿ ಆ ಭಯವೇ ಮದ್ದು. ಕಾಲೆತ್ತಿದೊಡನೆ ಭಾರ ಮುಂದಕ್ಕೆ ಬೀಳುತ್ತದೆ, ಎಳೆಯುವ ಕೆಲಸ ತಪ್ಪುತ್ತದೆ, ಮುಂದಿನ ಟೈರಿಗೆ ಉಸಿರು ಬರುತ್ತದೆ. ಚಾರ್ಮಾಡಿಯಲ್ಲಿ ನನ್ನನ್ನು ಉಳಿಸಿದ್ದು ನನ್ನ ಜಾಣತನವಲ್ಲ, ಈ ಏರ್ಪಾಡು. ಅದೇ ಹೊತ್ತಿನಲ್ಲಿ ಹಿಂಭಾಗ ಹಗುರಾಗುತ್ತದೆ ಎನ್ನುವುದನ್ನೂ ಮರೆಯಬಾರದು. ಹಿಂದಿನ ಟೈರು ನುಣ್ಣಗಿದ್ದರೆ, ಅಥವಾ ಹಿಂಭಾಗವನ್ನು ಅತಿಯಾಗಿ ಬಿಗಿ ಮಾಡಿಸಿದ್ದರೆ, ಅದೇ ಕಾಲೆತ್ತುವಿಕೆ ಹಿಂಭಾಗವನ್ನು ಬೀಸಿ ಎಸೆಯುತ್ತದೆ. ಹಿಂದಿನ ಚಕ್ರ ಜಾರಿದಾಗ ಬ್ರೇಕ್ ತುಳಿಯದೆ ಸ್ಟೀರಿಂಗನ್ನು ಜಾರಿದ ಕಡೆಗೇ ತಿರುಗಿಸುವ ಬುದ್ಧಿ ಅಭ್ಯಾಸವಿಲ್ಲದವರಿಗೆ ಆ ಅರೆಗಳಿಗೆಯಲ್ಲಿ ಹೊಳೆಯುವುದು ಕಷ್ಟ. ಹೊಸ ಕಾರುಗಳಲ್ಲಿ ಕಂಪ್ಯೂಟರು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಇದನ್ನು ಸರಿಪಡಿಸುತ್ತದೆ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಆ ವ್ಯವಸ್ಥೆಯನ್ನು ರಸ್ತೆಗಿಳಿಸಿದವು. ನಮ್ಮ ಹಳೆಯ ಸೆಡಾನ್‌ಗೆ ಆ ಕಾವಲುಗಾರನಿಲ್ಲ.

ಹಿಂಭಾಗ ಬೀಸುವುದನ್ನೇ ವಿದ್ಯೆ ಮಾಡಿಕೊಂಡವರೂ ಉಂಟು. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಮುಂದಿನ ಚಕ್ರ ಎಳೆಯುವ ಪುಟ್ಟ ಸಾಬ್ ಕಾರಿನಲ್ಲಿ 1962 ಮತ್ತು 1963ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಬಲಗಾಲು ಆಕ್ಸಿಲರೇಟರಿನ ಮೇಲಿರುವಾಗಲೇ ಎಡಗಾಲಿನಲ್ಲಿ ಬ್ರೇಕ್ ಮುಟ್ಟಿ, ಹಿಂಭಾಗ ಹಗುರ ಮಾಡಿ, ಕಾರಿನ ಮೂತಿ ಒಳಕ್ಕೆ ತಿರುಗಿಸುವ ಕ್ರಮಕ್ಕೆ ಅವರ ಹೆಸರು ಅಂಟಿಕೊಂಡಿದೆ. ಅವರಿಗಿದ್ದದ್ದು ಮುಚ್ಚಿದ ರಸ್ತೆ. ನಮ್ಮೆದುರು ಬರುವುದು ಸಿಮೆಂಟ್ ಲಾರಿ.

ಜ್ಯಾಕ್ ಏರಿದ ಮೇಲೆ

ಉಸ್ತಾದರು ಕಾರನ್ನು ಜ್ಯಾಕ್ ಮೇಲೆ ಎತ್ತಿ ಒಂದೊಂದನ್ನೇ ತೋರಿಸಿದರು. ಮುಂದಿನ ಬಲಗಡೆಯ ಲೋವರ್ ಆರ್ಮ್ ಬುಷ್ ಹರಿದಿತ್ತು. ಬುಷ್ ಎಂದರೆ ಕಬ್ಬಿಣದ ಎರಡು ಕೊಳವೆಗಳ ನಡುವಿನ ರಬ್ಬರು. ಚಕ್ರ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದಕ್ಕೆ ಅದೇ ಜಾಮೀನು. ಅದು ಹರಿದರೆ ಬ್ರೇಕ್ ಹಾಕಿದಾಗ ಒಂದು ಕೋನ, ಎಳೆದಾಗ ಇನ್ನೊಂದು ಕೋನ. ಅಲೈನ್‌ಮೆಂಟ್ ಅಂಗಡಿಯಲ್ಲಿ ನಿಂತ ಕಾರಿಗೆ ಹಿಡಿದ ಅಳತೆ, ಓಡುವ ಕಾರಿನಲ್ಲಿ ಉಳಿಯುವುದೇ ಇಲ್ಲ. ಬಾರನ್ನು ಚಕ್ರಕ್ಕೆ ಜೋಡಿಸುವ ಲಿಂಕ್ ರಾಡ್ ಸಡಿಲವಾಗಿತ್ತು. ಅಂದರೆ ಸ್ಟೆಬಿಲೈಸರ್ ಬಾರ್ ಇದ್ದೂ ಇಲ್ಲದಂತೆ, ತಿರುವಿನ ಮೊದಲ ಅರೆಕ್ಷಣ ಕೆಲಸಕ್ಕೆ ಚಕ್ಕರ್.

ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಮೈಯೆಲ್ಲ ಎಣ್ಣೆ. ತಿರುವಿನಲ್ಲಿ ಎಷ್ಟು ಭಾರ ಸರಿಯಬೇಕು ಎಂಬುದನ್ನು ಶಾಕ್ ಅಬ್ಸಾರ್ಬರ್ ತೀರ್ಮಾನಿಸುವುದಿಲ್ಲ. ಎಷ್ಟು ಬೇಗ ಸರಿಯಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್ ತಿರುವಿನ ನಡುವೆ ಒಂದು ಗುಂಡಿ ಸಿಕ್ಕರೆ ಚಕ್ರವನ್ನು ರಸ್ತೆಗೆ ಒತ್ತಿ ಹಿಡಿಯಲಾರದು. ಚಕ್ರ ಚೆಂಡಿನಂತೆ ಪುಟಿಯುತ್ತದೆ. ಗಾಳಿಯಲ್ಲಿರುವ ಟೈರಿಗೆ ಹಿಡಿತವಿಲ್ಲ. ಹಿಂದಿನ ಮೂಲೆಯನ್ನು ಒತ್ತಿ ಬಿಟ್ಟಾಗ ಕಾರು ಒಂದು ಸಲ ಎದ್ದು ಸುಮ್ಮನಾಗಬೇಕು. ನನ್ನದು ಮೂರು ಸಲ ತಲೆಯಾಡಿಸಿತು.

ಕೊನೆಗೆ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ತೋರಿಸಿದರು: 1115. ಅಂದರೆ 2015ರ 11ನೇ ವಾರದಲ್ಲಿ ತಯಾರಾದದ್ದು. ಗೆರೆಗಳು ಇನ್ನೂ ಉಳಿದಿದ್ದವು, ಹಾಗೆಂದು ನಾನು ಹೆಮ್ಮೆ ಪಡುತ್ತಿದ್ದೆ ಕೂಡ. ಆದರೆ ಉಗುರು ಒತ್ತಿದರೆ ಗುರುತು ಮೂಡದಷ್ಟು ರಬ್ಬರು ಗಟ್ಟಿಯಾಗಿತ್ತು. ಗೆರೆ ನೀರನ್ನು ಹೊರಹಾಕುತ್ತದೆ ನಿಜ, ರಸ್ತೆಯನ್ನು ಹಿಡಿಯುವುದು ರಬ್ಬರಿನ ಮೃದುತನ.

ಇಷ್ಟಿದ್ದ ಮೇಲೆ ನನ್ನ ಪಟ್ಟಿಯಲ್ಲಿದ್ದ ದಪ್ಪ ಬಾರ್ ಹಾಕಿಸಿದ್ದರೆ ಏನಾಗುತ್ತಿತ್ತು? ಮುಂದೆ ರೋಗ, ಹಿಂದೆ ಮದ್ದು. ಮುಂದಿನ ಚಕ್ರ ಹಿಡಿಯದಿರುವುದು ಹರಿದ ಬುಷ್‌ನಿಂದ. ಅದಕ್ಕೆ ಸರಿದೂಗಿಸಲು ಹಿಂದಿನ ಚಕ್ರದ ಹಿಡಿತವನ್ನೂ ಕೆಡಿಸಿ, ‘ಈಗ ಎರಡೂ ಸಮ’ ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟಿಂಗ್, ಹಿಂದಿನ ಜೋಡಿ ಶಾಕ್ ಅಬ್ಸಾರ್ಬರ್ ತಂದೆ. ಜೋಡಿಯಾಗಿಯೇ ತರಬೇಕು, ಒಂದು ಹೊಸತು ಒಂದು ಹಳತಾದರೆ ಎಡ ತಿರುವಿಗೊಂದು ಸ್ವಭಾವ, ಬಲ ತಿರುವಿಗೊಂದು. ಅಲ್ಲಿ ಕಲಿತ ಇನ್ನೊಂದು ಸೂಕ್ಷ್ಮ: ಬುಷ್ ಹಾಕಿದ ಮೇಲೆ ಬೋಲ್ಟನ್ನು ಪೂರ್ತಿ ಬಿಗಿಯುವುದು ಕಾರು ತನ್ನ ಚಕ್ರಗಳ ಮೇಲೆ ನಿಂತಾಗ. ಚಕ್ರ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಕೆಳಗಿಳಿಸಿದೊಡನೆ ರಬ್ಬರು ತಿರುಚಿಕೊಂಡು ಸದಾ ಸೆಟೆದಿರುತ್ತದೆ, ಬೇಗ ಹರಿಯುತ್ತದೆ. ಅನೇಕ ಕಡೆ ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದು.

ಗಾಳಿ, ಕೋನ, ಬಾರು

ಹೀಗೆ ಕಾರು ತನ್ನ ಮೂಲ ಸ್ವಭಾವಕ್ಕೆ ಮರಳಿದ ಮೇಲೆ ಮಾತ್ರ ಟ್ಯೂನಿಂಗ್ ಎಂಬ ಪದಕ್ಕೆ ಅರ್ಥ. ಅಲ್ಲೂ ಅಗ್ಗದ್ದರಿಂದ ಆರಂಭಿಸಬೇಕು. ಎಲ್ಲಕ್ಕಿಂತ ಅಗ್ಗ ಗಾಳಿ.

ಬಾಗಿಲ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಇರುವ ಅಂಕಿಯೇ ಮೊದಲ ಮೆಟ್ಟಿಲು. ಟೈರು ತಣ್ಣಗಿರುವಾಗ ಅಳೆಯಬೇಕು. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ತಿರುವಿನಲ್ಲಿ ಅದರ ಪಕ್ಕೆ ಮಡಚಿಕೊಂಡು, ಸ್ಟೀರಿಂಗ್ ಹೇಳಿದ್ದು ರಬ್ಬರಿಗೆ ತಡವಾಗಿ ತಲುಪುತ್ತದೆ. ಹೇಳಿದ ಅಂಕಿಗಿಂತ ಮುಂದೆ ಒಂದೆರಡು ಪಿಎಸ್‌ಐ ಹೆಚ್ಚಿಸಿದರೆ ಮೂತಿ ಚುರುಕಾಗುವುದು ಸಾಮಾನ್ಯ. ಅತಿಯಾದರೆ ನಡುಭಾಗ ಮಾತ್ರ ನೆಲ ಮುಟ್ಟಿ ಹಿಡಿತ ಮತ್ತೆ ಕುಸಿಯುತ್ತದೆ. ಘಾಟಿ ಹತ್ತಿಳಿಯುವವರಿಗೆ ಒಂದು ಕುತೂಹಲದ ಲೆಕ್ಕ: ಹವೆ ಹತ್ತು ಡಿಗ್ರಿ ತಂಪಾದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಆದರೆ ಸಾವಿರ ಮೀಟರ್ ಮೇಲೇರಿದಾಗ ಹೊರಗಿನ ಗಾಳಿಯ ಒತ್ತಡವೂ ಒಂದೂವರೆ ಪಿಎಸ್‌ಐನಷ್ಟು ಇಳಿಯುವುದರಿಂದ ಗೇಜು ಅಷ್ಟು ಹೆಚ್ಚು ತೋರಿಸುತ್ತದೆ. ಕರಾವಳಿಯಲ್ಲಿ ತುಂಬಿಸಿದ ಗಾಳಿ ಮಲೆನಾಡಿನ ತಂಪಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ತೋರುವುದಕ್ಕೆ ಇದೇ ಕಾರಣ. ಆದ್ದರಿಂದ ಘಾಟಿ ಹತ್ತಿದ ಮೇಲೆ ಗಾಳಿ ಕಡಿಮೆ ಕಂಡರೆ ಚಳಿಯನ್ನು ದೂರುವ ಮೊದಲು ಪಂಕ್ಚರ್ ಇದೆಯೇ ನೋಡಿ.

ಎರಡನೆಯದು ಚಕ್ರದ ಕೋನ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಂದಕ್ಕೊಂದು ಹತ್ತಿರವಿದ್ದರೆ ಟೋ-ಇನ್, ದೂರವಿದ್ದರೆ ಟೋ-ಔಟ್. ಒಂದು ಚಕ್ರ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗಬೇಕಾದದ್ದನ್ನು ನಾವು ನೇರವಾಗಿ ಎಳೆದುಕೊಂಡು ಹೋಗುತ್ತಿರುತ್ತೇವೆ. ಆ ಉಜ್ಜಾಟವೇ ಟೈರಿನ ಅಂಚು ಗರಗಸದಂತಾಗುವುದಕ್ಕೆ ಮೂಲ. ಮುಂದೆ ಚೂರು ಟೋ-ಔಟ್ ಇದ್ದರೆ ಕಾರು ತಿರುವಿಗೆ ಬೇಗ ಎರಗುತ್ತದೆ, ಆದರೆ ಹೆದ್ದಾರಿಯಲ್ಲಿ ಚಂಚಲ. ಹಿಂದೆ ಟೋ-ಔಟ್ ಇರಲೇಬಾರದು. ಹಿಂಭಾಗ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಎಸ್ಟೀಮ್‌ನಂತೆ ಹಿಂದಿನ ಚಕ್ರಗಳಿಗೂ ಸ್ವತಂತ್ರ ಸ್ಟ್ರಟ್ ಇರುವ ಕಾರಿನಲ್ಲಿ ಹಿಂದಿನ ಅಲೈನ್‌ಮೆಂಟನ್ನೂ ನೋಡಿಸಬೇಕು. “ಹಿಂದಿಂದೆಲ್ಲ ಯಾರೂ ನೋಡಲ್ಲ ಸಾರ್” ಎಂದ ಒಂದು ಅಂಗಡಿಯಿಂದ ನಾನು ಎದ್ದು ಬಂದೆ. ಇನ್ನೊಂದು ಕಡೆ ನೋಡಿದರೆ ನನ್ನ ಹಿಂದಿನ ಎಡಚಕ್ರ ಹೊರಕ್ಕೆ ಮುಖ ಮಾಡಿತ್ತು.

ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ ಕ್ಯಾಂಬರ್. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರವೂ ಅದರೊಡನೆ ಹೊರಕ್ಕೆ ಬಾಗಿ ಅಂಚಿನ ಮೇಲೆ ನಿಲ್ಲುತ್ತದೆ. ಮೊದಲೇ ಅದರ ತಲೆಯನ್ನು ಒಂದು ಡಿಗ್ರಿಯಷ್ಟು ಒಳಕ್ಕೆ ವಾಲಿಸಿಟ್ಟರೆ ತಿರುವಿನಲ್ಲಿ ಅಂಗೈ ಪೂರ್ತಿ ನೆಲಕ್ಕೂರುತ್ತದೆ. ಅಂಡರ್‌ಸ್ಟಿಯರ್‌ಗೆ ಇದಕ್ಕಿಂತ ನೇರ ಮದ್ದು ಇನ್ನೊಂದಿಲ್ಲ, ಯಾಕೆಂದರೆ ಇದು ಹಿಂದಿನಿಂದ ಕಸಿದುಕೊಳ್ಳದೆ ಮುಂದಕ್ಕೆ ಕೊಡುತ್ತದೆ. ಆದರೆ ಆ ಕಾಲದ ಬಹಳಷ್ಟು ಕಾರುಗಳಲ್ಲಿ ಇದನ್ನು ಬದಲಿಸುವ ಸೌಕರ್ಯ ಕಾರ್ಖಾನೆಯಿಂದ ಬಂದಿರುವುದಿಲ್ಲ. ಸ್ಟ್ರಟ್‌ನ ಬೋಲ್ಟಿನ ತೂತನ್ನು ಫೈಲ್ ಹಾಕಿ ಉದ್ದ ಮಾಡುವ ಕಸುಬು ಗ್ಯಾರೇಜುಗಳಲ್ಲಿದೆ. ನಾನು ಬೇಡವೆಂದೆ. ಆ ಬೋಲ್ಟ್ ಜಾರಿದರೆ ಕೋನವೂ ಜಾರುತ್ತದೆ.

ಮೂರನೆಯದು ಬಾರು. ಆ ಕಾಲದ ಅನೇಕ ಸಣ್ಣ ಸೆಡಾನ್‌ಗಳಲ್ಲಿ ಸ್ಟೆಬಿಲೈಸರ್ ಬಾರ್ ಇರುವುದು ಮುಂದೆ ಮಾತ್ರ. ಹಿಂದಕ್ಕೂ ಒಂದನ್ನು ಹಾಕಿದರೆ ಪಲ್ಲಕ್ಕಿಯ ಹಿಂದಿನವರು ಹೆಗಲು ಸೆಟೆಸಿದಂತೆ, ಮುಂದಿನವರಿಗೆ ಹಗುರ. ಅಂಡರ್‌ಸ್ಟಿಯರ್ ಕಡಿಮೆಯಾಗುವುದು ಖರೆ. ಆದರೆ ಕಂಬಿಯ ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ: 20 ಮಿ.ಮೀ. ಇದ್ದದ್ದು 22 ಆದರೆ ಬಿಗಿ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ‘ಎರಡೇ ಮಿಲಿಮೀಟರ್ ಅಲ್ಲವೇ’ ಎನ್ನುವಂತಿಲ್ಲ. ಅತಿ ಬಿಗಿಯಾದಾಗ ತಿರುವಿನಲ್ಲಿ ಹಿಂದಿನ ಒಳಚಕ್ರ, ನಾಯಿ ಕಂಬದ ಬಳಿ ಕಾಲೆತ್ತಿದ ಹಾಗೆ, ನೆಲ ಬಿಡುತ್ತದೆ. ರೇಸ್ ಟ್ರ್ಯಾಕಿನಲ್ಲಿ ಅದಕ್ಕೆ ಚಪ್ಪಾಳೆ ಬೀಳಬಹುದು. ಜೂನ್ ತಿಂಗಳ ಘಾಟಿಯಲ್ಲಿ ಅದು ಕಾಲೆತ್ತಿದರೆ ಹಿಂದಿನ ಉಳಿದೊಂದು ಟೈರಿನ ಮೇಲೆ ನಮ್ಮೆಲ್ಲರ ಜೀವ.

ಸ್ಪ್ರಿಂಗ್ ಕತ್ತರಿಸುವ ಮುನ್ನ

ಹಳೆಯ ಸೆಡಾನ್ ಕೈಗೆ ಬಂದ ಹುಡುಗರು ಮೊದಲು ಮಾಡಿಸುವ ಕೆಲಸ ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು. ಗುರುತ್ವ ಕೇಂದ್ರ ಇಳಿಯುತ್ತದೆ, ಸರಿಯುವ ಭಾರ ಕಡಿಮೆಯಾಗುತ್ತದೆ. ಅಷ್ಟರ ಮಟ್ಟಿಗೆ ಅವರ ತರ್ಕ ಸರಿ. ಆರು ಸುತ್ತಿನ ಸ್ಪ್ರಿಂಗಿನಿಂದ ಒಂದು ಸುತ್ತು ತೆಗೆದರೆ ಅದು ಶೇ 20ರಷ್ಟು ಗಟ್ಟಿಯೂ ಆಗುತ್ತದೆ. ಆದರೆ ಗಟ್ಟಿ ಸ್ಪ್ರಿಂಗಿನ ಪುಟಿತವನ್ನು ತಡೆಯಲು ಹಳೆಯ ಶಾಕ್ ಅಬ್ಸಾರ್ಬರ್‌ಗೆ ಶಕ್ತಿ ಸಾಲದು. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಮೇಲಕ್ಕೇಳಲು ಇದ್ದ ಜಾಗ ಕುಗ್ಗಿ, ತಿರುವಿನ ನಡುವೆ ಗುಂಡಿ ಸಿಕ್ಕರೆ ರಬ್ಬರ್ ತಡೆಗೆ ಬಡಿಯುತ್ತದೆ. ಆ ಕ್ಷಣಕ್ಕೆ ಆ ಮೂಲೆಯಲ್ಲಿ ಸ್ಪ್ರಿಂಗೇ ಇಲ್ಲದಂತಾಗಿ ಟೈರು ಕೈಬಿಡುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ್ದು. ಎಸ್ಟೀಮ್‌ನಲ್ಲಿರುವ ಸ್ಟ್ರಟ್, ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನದು. ಕೆಳಗೊಂದು ಆರ್ಮ್, ಮೇಲೆ ಸ್ಪ್ರಿಂಗು ಶಾಕ್ ಅಬ್ಸಾರ್ಬರ್ ಒಂದರಲ್ಲೇ. ಅಗ್ಗ, ಸರಳ, ಜಾಗ ಉಳಿತಾಯ. ಕೆಳಗಿನ ಆರ್ಮ್ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುವಷ್ಟು ಹೊತ್ತು ಚಕ್ರ ಮೇಲೇರಿದಾಗ ಅದರ ತಲೆ ಒಳಕ್ಕೇ ವಾಲುತ್ತದೆ. ಕಾರು ತಗ್ಗಿಸಿ ಆ ಆರ್ಮ್ ಮೇಲ್ಮುಖವಾಯಿತೆಂದರೆ ಲೆಕ್ಕ ತಿರುಗುಮುರುಗು. ಚಕ್ರ ಇನ್ನಷ್ಟು ಮೇಲೇರಿದಾಗ ಅದರ ಬುಡ ಒಳಕ್ಕೆ ಎಳೆಯಲ್ಪಟ್ಟು, ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಕಾರು ವಾಲುವ ಕೇಂದ್ರವೂ ಮೈಗಿಂತ ಹೆಚ್ಚು ಕೆಳಗಿಳಿದು, ವಾಲುವ ಒಲವು ಕಡಿಮೆಯಾಗುವ ಬದಲು ಹೆಚ್ಚಬಹುದು. ನೋಡಲು ರೇಸ್ ಕಾರು, ತಿರುವಿನಲ್ಲಿ ಮೊದಲಿಗಿಂತ ಕೆಟ್ಟ ಅಂಡರ್‌ಸ್ಟಿಯರ್.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಬುಷ್ ಬದಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿರುವಿಗೆ ಎರಗುವಾಗ ಮೂತಿ ಜಾರಿದರೆ ಬಹುತೇಕ ವೇಗದ ತಪ್ಪು, ಬ್ರೇಕ್ ಬಿಡುವ ಹೊತ್ತಿನ ತಪ್ಪು. ತಿರುವಿನಿಂದ ಹೊರಬರುವಾಗ ಜಾರಿದರೆ ಬಲಗಾಲಿನ ಅವಸರ. ಎರಡೂ ಅಲ್ಲದೆ, ಒಂದೇ ವೇಗದಲ್ಲಿ ಸುತ್ತುವಾಗ ನಡುವೆ ಜಾರಿದರೆ ಆಗ ಕಾರಿನ ಬ್ಯಾಲೆನ್ಸ್ ಬಗ್ಗೆ ಯೋಚಿಸಬಹುದು. ಪರೀಕ್ಷೆಗೆ ಖಾಲಿ ಮೈದಾನವೋ, ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳು ನಡೆಸುವ ಆಟೋಕ್ರಾಸೋ ಇದೆ. ಘಾಟಿ ಪ್ರಯೋಗಶಾಲೆಯಲ್ಲ.

ಟೈರು ಅಂಗಡಿಯ ಜಗಳ

ಕೈಯಲ್ಲಿ ಉಳಿದ ದುಡ್ಡಿಗೆ ಎರಡೇ ಟೈರು ಬರುವಂತಿತ್ತು. ಹಳೆಯ ನಾಲ್ಕರಲ್ಲಿ ಅಷ್ಟಿಷ್ಟು ವಾಸಿಯಾಗಿದ್ದ ಎರಡನ್ನು ಇನ್ನೊಂದು ತಿಂಗಳ ಮಟ್ಟಿಗೆ ಉಳಿಸಿಕೊಳ್ಳುವುದು ಎಂದಾಯಿತು. ಅಂಗಡಿಯ ಹುಡುಗ ಹೊಸ ಟೈರನ್ನು ಉರುಳಿಸಿಕೊಂಡು ಸೀದಾ ಮುಂದಿನ ಚಕ್ರದ ಬಳಿ ಹೋದ.

“ತಮ್ಮಾ, ಹಿಂದಕ್ಕೆ ಹಾಕು.”

“ಸಾರ್, ಇದು ಫ್ರಂಟ್ ವೀಲ್ ಡ್ರೈವು. ಎಲ್ಲರೂ ಹೊಸದನ್ನ ಮುಂದಕ್ಕೇ ಹಾಕಿಸೋದು.”

ಹುಡುಗನದು ತಪ್ಪಲ್ಲ, ಕೇಳುವುದಕ್ಕೆ ಅವನ ಮಾತೇ ಸರಿಯೆನಿಸುತ್ತದೆ. ಮೂರು ಕೆಲಸ ಮಾಡುವವನಿಗೆ ಹೊಸ ಚಪ್ಪಲಿ ಕೊಡುವುದು ನ್ಯಾಯವಲ್ಲವೇ? ಆದರೆ ನಿಂತ ನೀರಿನ ಮೇಲೆ ಸವೆದ ಟೈರು ತೇಲುತ್ತದೆ. ಮುಂದಿನದು ತೇಲಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ, ಕಾಲೆತ್ತಲು ಸಮಯವಿದೆ. ಹಿಂದಿನದು ತೇಲಿದರೆ ಗೊತ್ತಾಗುವ ಹೊತ್ತಿಗೆ ಕಾರು ಬಂದ ದಾರಿಯನ್ನೇ ನೋಡುತ್ತಿರುತ್ತದೆ. ಎರಡೇ ಹೊಸ ಟೈರು ಇದ್ದರೆ ಅವು ಹಿಂದಕ್ಕೆ ಎಂದು ಟೈರು ತಯಾರಕರೂ ಹೇಳುತ್ತಾರೆ. ಇಷ್ಟೆಲ್ಲ ವಿವರಿಸಿದ ಮೇಲೆ ಹುಡುಗ ಹಿಂದಕ್ಕೇ ಹಾಕಿದ. ಹಾಕುತ್ತಾ, ಪಕ್ಕದವನಿಗೆ ಕೇಳಿಸುವಂತೆ, “ಸಾರ್ ಇದನ್ನ ಹಿಂದಿಂದ ಓಡೋ ಗಾಡಿ ಅಂದ್ಕೊಂಡಿದ್ದಾರೆ” ಎಂದ.

ತಿಂಗಳೊಳಗೆ ಮುಂದಿನ ಎರಡನ್ನೂ ಬದಲಿಸಿದೆ. ಶ್ರಾವಣದಲ್ಲಿ ಮತ್ತೆ ಚಾರ್ಮಾಡಿ ಇಳಿದೆ. ಅದೇ ಬಲ ತಿರುವು, ಅದೇ ಜಿಟಿಜಿಟಿ. ಈ ಸಲ ಮುಳ್ಳು 30ರ ಕೆಳಗಿತ್ತು. ತಿರುವಿನ ಹೊಟ್ಟೆಯಲ್ಲಿ ಅಂಗೈಗೆ ಸ್ಟೀರಿಂಗ್ ಕೂದಲೆಳೆಯಷ್ಟು ಹಗುರಾದದ್ದು ತಿಳಿಯಿತು. ಮುಂದಿನ ಜೋಡಿ, ‘ಇನ್ನು ನನ್ನಿಂದಾಗದು’ ಎನ್ನುವ ಮೊದಲೇ, ‘ಸ್ವಲ್ಪ ನೋಡಿಕೋ’ ಎಂದಿತ್ತು. ಬಲಗಾಲು ಒಂದಿಷ್ಟು ಸಡಿಲಿಸಿದೆ. ಮೂತಿ ಒಳಕ್ಕೆ ಬಂತು. ಹಿಂಭಾಗ ತನ್ನ ಪಾಡಿಗೆ ಹಿಂಬಾಲಿಸಿತು.

ಅಂಡರ್‌ಸ್ಟಿಯರ್ ಹೋಗಿಲ್ಲ. ಅದನ್ನು ತೆಗೆಸಿಹಾಕಲೆಂದೇ ಪಟ್ಟಿ ಹಿಡಿದು ಗ್ಯಾರೇಜಿಗೆ ಹೋದವನು, ಕೊನೆಗೆ ಹದಿನೆಂಟು ಸಾವಿರ ಕೊಟ್ಟು ಅದನ್ನೇ ಮೊದಲಿನ ಸ್ಥಿತಿಗೆ ದುರಸ್ತಿ ಮಾಡಿಸಿಕೊಂಡು ಬಂದಿದ್ದೆ.